ಐದನೇ ಷರತ್ತು

ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಒಂದು ಬೆಳಿಗ್ಗೆ ನನ್ನ ಕುತ್ತಿಗೆಗೆ ಬಡಿಯಿತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ತಲೆಯ ಮೇಲೆ ಎರಡು ಬೆರಳು ಎತ್ತರದಲ್ಲಿದ್ದ ಹಗ್ಗ ಅದು. ಕಣ್ಣು ಮುಚ್ಚಿಕೊಂಡು ಓಡಾಡುವಷ್ಟು ಅಭ್ಯಾಸವಾಗಿದ್ದ ಜಾಗದಲ್ಲಿ, ಒದ್ದೆ ಟವೆಲು ಹಿಡಿದು ಹೋದವಳು ಜೋಲಿ ಹೊಡೆದು ಹಿಂದಕ್ಕೆ ಸರಿದೆ.

“ಯಾರ್ರೀ ಇದನ್ನ ಇಳಿಸಿದ್ದು? ನನ್ನ ನೇಣಿಗೆ ಹಾಕೋ ಯೋಚನೆ ಇದ್ರೆ ಮೊದ್ಲೇ ಹೇಳ್ಬಾರ್ದಾ?”

ಗಂಡ ಮುಖದ ತುಂಬ ಸೋಪಿನ ನೊರೆ ಹೊತ್ತು ಕಿಟಕಿಗೆ ಬಂದರು. “ಅಮ್ಮ ಇಳಿಸು ಅಂದ್ಲು. ಮೇಲೆ ಗಾಳಿ ಜಾಸ್ತಿಯಂತೆ, ಕ್ಲಿಪ್ಪು ಹಾರ್ತವಂತೆ.”

“ಒಂದಡಿ ಕೆಳಗೆ ಬಂದ್ರೆ ಗಾಳಿ ಕಮ್ಮಿ ಆಗತ್ತಾ? ಲೆಕ್ಕದ ಮೇಷ್ಟ್ರು ನೀವು, ಕೇಳ್ಬಾರ್ದಾ?”

“ನನ್ನ ಲೆಕ್ಕ ಏನಿದ್ರೂ ಸ್ಕೂಲಲ್ಲಿ.”

“ನನ್ನ ಸುದ್ದಿ ಏನದು ಅಲ್ಲಿ?” ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಅತ್ತೆಗೆ ಎಪ್ಪತ್ತು ದಾಟಿದೆ; ಅವರ ಕಿವಿಗೆ ಮಾತ್ರ ಇನ್ನೂ ಇಪ್ಪತ್ತು. ನಾನು ಹಗ್ಗದ ಕೆಳಗೆ ಬಗ್ಗಿ ಟವೆಲು ಹರವಿ, ಆಫೀಸಿಗೆ ಹೊರಟೆ. ಗಾಳಿಯ ಮಾತನ್ನು ನಂಬಿಯೂಬಿಟ್ಟೆ.

ಆ ವಾರ ನನ್ನ ತಲೆಯಲ್ಲಿ ಬೇರೆಯದೇ ತುಂಬಿತ್ತು. ನಮ್ಮ ಬೀದಿಯ ಕೊನೆಯ ಹಳೇ ಚರ್ಚನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸುವ ಆದೇಶದ ಕರಡು ಸಿದ್ಧವಾಗಿತ್ತು. ಅದನ್ನು ಬರೆದವಳು ನಾನೇ. ನಾನು ಕೆಲಸ ಮಾಡುವುದು ಹಳೆಯ ಕಟ್ಟಡಗಳನ್ನು ಕಾಯುವ ಕಚೇರಿಯಲ್ಲಿ. ಗೋಡೆ ಅಳೆಯುವುದು, ತೊಲೆ ಎಷ್ಟು ಕುಸಿದಿದೆ ಎಂದು ದಾರ ಹಿಡಿದು ನೋಡುವುದು, ಆಮೇಲೆ ಕುರ್ಚಿಯಲ್ಲಿ ಕೂತು ಯಾವುದನ್ನು ಯಾರೂ ಒಡೆಯಬಾರದು ಎಂದು ಕಾನೂನಿನ ಭಾಷೆಯಲ್ಲಿ ಬರೆಯುವುದು. ಅದು ನಾವೇ ಹೋಗುವ ಚರ್ಚು ಎಂದು ಮೊದಲೇ ತಿಳಿಸಿದ್ದೆ. “ಕರಡು ಬರೀರಿ, ಸಹಿ ನಂದಲ್ವಾ,” ಅಂದಿದ್ದರು ಮೇಲಧಿಕಾರಿ.

ಬರೆಯಲೇಬೇಕಾಗಿತ್ತು. ಚರ್ಚಿನ ಸಮಿತಿಯ ಖಜಾಂಚಿಗೆ ಮುಂದಿನ ಕಮಾನಿನ ಮಂಟಪ ಕೆಡವಿ ಅಲ್ಲಿ ಕಾರು ನಿಲ್ಲಿಸುವ ಶೆಡ್ಡು ಕಟ್ಟುವ ಆಸೆ. ಒಳ್ಳೆಯ ಮನುಷ್ಯನೇ. ಆದರೆ ಹಳೆಯದೆಂದರೆ ಆತನಿಗೆ ಕೊಳೆ ಇದ್ದಹಾಗೆ, ಒರೆಸಿ ತೆಗೆಯದೆ ಸಮಾಧಾನವಿಲ್ಲ.

ಆ ಚರ್ಚಿನ ಕಲ್ಲು ಮೆತ್ತನೆಯದು. ಉಗುರಿನಿಂದ ಗೀರಿದರೆ ಪುಡಿ ಉದುರುತ್ತದೆ. ಅಂಥ ಕಲ್ಲಿನ ಗೋಡೆ ಇಷ್ಟು ತಲೆಮಾರು ನಿಂತದ್ದು ಸುಣ್ಣದ ಬಲದಿಂದ. ವರ್ಷಕ್ಕೊಂದು ಶನಿವಾರ, ಮಳೆಯ ತೇವ ಆರಿ ಬಿಸಿಲು ಇನ್ನೂ ಬಲಿಯದ ಹೊತ್ತಿನಲ್ಲಿ, ಹೆಂಗಸರೆಲ್ಲ ಸೇರಿ ಗೋಡೆಗೆ ಸುಣ್ಣ ಬಳಿಯುತ್ತೇವೆ. ಆ ದಿನ ಮಕ್ಕಳು ಗಂಡಸರ ಪಾಲು. ಒಲೆಯ ಮೇಲೆ ಇಟ್ಟದ್ದನ್ನೆಲ್ಲ ಅವರು ಸೀಯಿಸುತ್ತಾರೆ, ನಾವು ಸಂಜೆ ಬಂದು ಚೆನ್ನಾಗಿದೆ ಅಂತ ತಿನ್ನುತ್ತೇವೆ. ಮಳೆ, ಬಿಸಿಲು, ಗಾಳಿ ವರ್ಷವಿಡೀ ತಿನ್ನುವುದು ಆ ಸುಣ್ಣವನ್ನು, ಕಲ್ಲನ್ನಲ್ಲ. ಅದು ಸವೆದಷ್ಟನ್ನು ನಾವು ಮತ್ತೆ ಕೊಡುತ್ತೇವೆ.

ಈ ಕೆಲಸಕ್ಕೆಲ್ಲ ಒಡತಿ ನನ್ನ ಅತ್ತೆ. ಅವರನ್ನು ಜನ ಏಣಿಯಮ್ಮ ಅಂತಲೇ ಕರೆಯುವುದು. ಗೋಪುರದ ಕೆಳಗಿನ ಎತ್ತರದ ಗೋಡೆಗೆ ಏಣಿ ಹತ್ತುವುದು ಅವರೊಬ್ಬರೇ. ಚರ್ಚಿನ ಹಿಂದಿನ ಕಲ್ಲುತೊಟ್ಟಿಯಲ್ಲಿ ವರ್ಷವಿಡೀ ನೀರಿನಡಿ ನೆನೆದ ಸುಣ್ಣಕ್ಕೆ ನೀರು ಬೆರೆಸುವುದೂ ಅವರೇ. ಬೆರಳು ಅದ್ದಿ ತೆಗೆದು ನೋಡುತ್ತಾರೆ. ಸುಣ್ಣದ ಪದರದ ಹಿಂದೆ ಉಗುರು ಮಂಕಾಗಿ ಕಾಣಬೇಕು. ಪೂರ್ತಿ ಕಂಡರೆ ನೀರು ಹೆಚ್ಚು, ಕಾಣದಿದ್ದರೆ ಸುಣ್ಣ ಹೆಚ್ಚು. ಅಷ್ಟು ತೆಳ್ಳಗಿರುವುದರಿಂದ ಬಳಿಯುವಾಗ ಗೋಡೆಯ ಮೇಲೆ ಏನೂ ಕಾಣುವುದಿಲ್ಲ, ಒದ್ದೆಯಷ್ಟೇ. ಒಣಗಿದ ಮೇಲೆ ಬಿಳಿ ಮೇಲೇಳುತ್ತದೆ.

ಮಾವ ತೀರಿಕೊಂಡ ವರ್ಷ ಅತ್ತೆ ಮೊದಲ ಸಲ ಏಣಿ ಹತ್ತಿದ್ದಂತೆ. ಕಂಡವರೆಲ್ಲ “ಪಾಪ, ಪಾಪ” ಎಂದು ಕೈ ಹಿಡಿದುಕೊಳ್ಳುತ್ತಿದ್ದ ಕಾಲ ಅದು. ಒಮ್ಮೆ ಅವರೇ ನನಗೆ ಹೇಳಿದ್ದರು: “ಏಣಿ ಮೇಲಿರೋ ಹೆಂಗಸನ್ನ ಯಾರೂ ಪಾಪ ಅನ್ನಲ್ಲ ಕಣೇ. ಕತ್ತೆತ್ತಿ ನೋಡ್ಬೇಕಲ್ಲ, ಕತ್ತು ನೋಯತ್ತೆ.”

ನಾನು ಬಕೆಟ್ಟಿನವಳು. ಇಷ್ಟು ವರ್ಷವೂ ಏಣಿಯ ಬುಡದಲ್ಲಿ ನಿಂತು ಬಕೆಟ್ಟು ಕಟ್ಟಿ ಕಳಿಸುವುದು, ಎಲ್ಲಿ ಒದ್ದೆಯಾಗಿಲ್ಲವೋ ಅಲ್ಲಿಗೆ ಕೂಗಿ ತೋರಿಸುವುದು ನನ್ನ ಕೆಲಸ. ಹತ್ತುತ್ತೇನೆ ಎಂದರೆ, “ನೀನು ಕಾಗದದೋಳು, ಕೆಳಗಿರು,” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಕರಡು ಆದೇಶವನ್ನು ನಿಯಮದಂತೆ ಚರ್ಚಿನ ಬಾಗಿಲಿಗೆ ಅಂಟಿಸಿದ ದಿನ ಸಂಜೆ, ಸುಣ್ಣದ ಗುಂಪಿನ ಟೈಲರಮ್ಮ ನಮ್ಮ ಮನೆಗೆ ನುಗ್ಗಿದಳು. ಅಳತೆಯ ಟೇಪು ಕೊರಳಲ್ಲೇ ಇತ್ತು.

“ಏನ್ರೀ ಇದು? ನಮ್ಮೋಳು ಅಂತ ನಂಬಿದ್ರೆ ನಮ್ಮ ಬುಡಕ್ಕೇ ನೀರು ಬಿಟ್ರಲ್ಲ!”

“ಏನಾಯ್ತು? ಕೂತ್ಕೊಳ್ಳಿ ಮೊದ್ಲು.”

“ಕೂರೋದೆಲ್ಲಿ ಬಂತು? ಐದನೇದು ಓದಿ ನೀವೇ.”

ಓದುವ ಅಗತ್ಯವಿರಲಿಲ್ಲ. ಅವಳು ‘ಐದನೇದು’ ಎಂದ ಕೂಡಲೇ ನನಗೆ ಹೊಳೆಯಿತು. ನಮ್ಮ ಕಚೇರಿಯ ಪದ್ಧತಿ ಹೀಗೆ: ಕಟ್ಟಡದ ವರ್ಣನೆ ಹೊಸದಾಗಿ ಬರೆಯುತ್ತೇವೆ, ಅದರ ಕೆಳಗೆ ಸಾಮಾನ್ಯ ಷರತ್ತುಗಳನ್ನು ಹಳೆಯ ಆದೇಶದಿಂದ ಎತ್ತಿ ಹಾಗೇ ಇಳಿಸುತ್ತೇವೆ. ಆ ಷರತ್ತುಗಳು ಹುಟ್ಟಿದ್ದು ಪಾಳುಬಿದ್ದ ಕೋಟೆಗಳಿಗಾಗಿ. ‘ಸದರಿ ಕಟ್ಟಡದ ಗೋಡೆಗಳಿಗೆ ಯಾವುದೇ ವ್ಯಕ್ತಿಯು ಬಣ್ಣ, ಸುಣ್ಣ, ಗಾರೆ ಅಥವಾ ಇನ್ನಾವುದೇ ಲೇಪನವನ್ನು ಹಚ್ಚತಕ್ಕದ್ದಲ್ಲ.’ ಕಮಾನಿನ ಮಂಟಪವನ್ನು ಹೇಗೆ ಉಳಿಸಲಿ ಎಂದು ವರ್ಣನೆಯ ಒಂದೊಂದು ಪದಕ್ಕೂ ಒದ್ದಾಡಿದವಳು, ಕೆಳಗಿನದನ್ನು ಕಣ್ಣಾಡಿಸದೆ ಇಳಿಸಿದ್ದೆ.

“ಕರಡು ಅಷ್ಟೇ,” ಅಂದೆ. “ಆಕ್ಷೇಪಣೆ ಇದ್ರೆ ಹೇಳ್ಲಿ ಅಂತಾನೇ ಅಂಟಿಸಿರೋದು. ಶುಕ್ರವಾರ ಚರ್ಚಲ್ಲೇ ವಿಚಾರಣೆ ಇದೆ, ಸಾಹೇಬ್ರೇ ಬರ್ತಾರೆ.”

“ಅಲ್ಲೀವರೆಗೆ ಖಜಾಂಚಿ ಕುಣೀತಾನೆ. ‘ಸುಣ್ಣಕ್ಕೆ ಸರ್ಕಾರವೇ ಬೇಡ ಅಂತು, ನಾನು ಪ್ಲಾಸ್ಟಿಕ್ ಪೇಂಟಿಗೆ ಬೇರೆ ಅರ್ಜಿ ಹಾಕಿ ಪರ್ಮಿಷನ್ ತರ್ತೀನಿ’ ಅಂತಿದಾನೆ. ಅವನ ಕಣ್ಣಿಗೆ ಬೆಣ್ಣೆ, ನಮ್ಮ ಕಣ್ಣಿಗೆ ಸುಣ್ಣ!”

“ಸುಣ್ಣ ಎಲ್ಲಿ ಬಂತು? ಅದನ್ನೇ ಬೇಡ ಅಂದಿದಾರಲ್ಲ,” ಎಂದು ಅತ್ತೆ ಬಾಗಿಲಲ್ಲಿ ನಿಂತು ನಕ್ಕರು.

“ನಗ್ತೀರಾ ಏಣಿಯಮ್ಮ? ಶುಕ್ರವಾರ ನೀವೇ ಎದ್ದು ಮಾತಾಡ್ಬೇಕು. ನೀವು ಬಾಯಿ ಬಿಟ್ರೆ ಸಾಹೇಬ್ರು ಪೆನ್ನು ಬಿಟ್ಟು ಓಡ್ಬೇಕು.”

ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು. “ಕಾನೂನು ಬೇಡ ಅಂದ್ರೆ ಬೇಡ. ನಾವೇನು ಕಾನೂನಿಗಿಂತ ದೊಡ್ಡೋರಾ? ನಿಲ್ಸು ಅಂದ್ರೆ ನಿಲ್ಸೋದು.”

ಟೈಲರಮ್ಮನ ಬಾಯಿ ತೆರೆದದ್ದು ಹಾಗೇ ಇತ್ತು. ನನ್ನದೂ. ಬಸ್ಸಿನಲ್ಲಿ ‘ಇಳಿಯುವ ದಾರಿ’ ಎಂದು ಬರೆದ ಬಾಗಿಲಿನಿಂದಲೇ ಹತ್ತುವ ಹೆಂಗಸು ನನ್ನ ಅತ್ತೆ. ‘ಹೂ ಕೀಳಬಾರದು’ ಎಂಬ ಬೋರ್ಡಿನ ಮೇಲೆಯೇ ಕೈಚೀಲ ನೇತುಹಾಕಿ ಹೂ ಕಿತ್ತವರು. ಅವರ ಬಾಯಲ್ಲಿ ಕಾನೂನಿನ ಗೌರವ!

“ನೀವಿಬ್ರೂ ಅತ್ತೆ ಸೊಸೆ ಸೇರ್ಕೊಂಡ್ರಾ?” ಎಂದು ಟೈಲರಮ್ಮ ಇಬ್ಬರನ್ನೂ ಮೇಲಿಂದ ಕೆಳಗೆ ಅಳೆದಳು. ಕಾಫಿಯನ್ನೂ ಕುಡಿಯದೆ ಹೋದಳು.

“ಅತ್ತೆ, ನನ್ನ ಮುಖ ನೋಡಿ ಸುಮ್ನಾಗ್ಬೇಡಿ,” ಅಂದೆ. “ತಪ್ಪು ನಂದು, ನಾನೇ ಸರಿ ಮಾಡ್ತೀನಿ. ನೀವು ಜೋರಾಗಿ ಆಕ್ಷೇಪಣೆ ಹೇಳಿದ್ರೆ ನಂಗೇ ಅನುಕೂಲ.”

“ಬರೆದಿದ್ದು ಬರೆದಾಯ್ತು. ಬಿಡು ಅದನ್ನ.” ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಏನೋ ಭಾರ ಇಳಿಸಿದವರ ಹಾಗೆ ಅವರು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಅವರ ಕೋಣೆಯ ಬಾಗಿಲು ಒಂದಿಷ್ಟು ತೆರೆದಿತ್ತು. ಒಗೆದ ಬಟ್ಟೆ ಕೊಡಲು ಹೋದವಳು ಹೊಸಿಲಲ್ಲಿ ನಿಂತುಬಿಟ್ಟೆ. ಅತ್ತೆ ಸ್ವೆಟರು ಹಾಕಿಕೊಳ್ಳುತ್ತಿದ್ದರು. ಬಲಗೈಯನ್ನು ಎಡಗೈಯಿಂದ ಹಿಡಿದು, ಅದು ತಮ್ಮದಲ್ಲವೇನೋ, ಯಾರೋ ಇಟ್ಟುಹೋದ ಸಾಮಾನೇನೋ ಎಂಬಂತೆ ಎತ್ತಿ ತೋಳಿನೊಳಗೆ ತೂರಿಸುತ್ತಿದ್ದರು. ಭುಜದ ಮಟ್ಟಕ್ಕೆ ಬಂದದ್ದೇ ತುಟಿ ಕಚ್ಚಿ ನಿಂತರು. ಮತ್ತೆ ಒಂದು ಸಲ. ಆಗಲಿಲ್ಲ. ಸ್ವೆಟರನ್ನು ಹಾಸಿಗೆಯ ಮೇಲೆ ಎಸೆದು, ಶಾಲು ಹೊದ್ದರು.

ನಾನು ಸದ್ದು ಮಾಡದೆ ಹಿಂದಕ್ಕೆ ಬಂದು ಅಡುಗೆಮನೆಯಲ್ಲಿ ನಿಂತೆ. ಆಗ ಒಂದೊಂದೇ ಕಾಣತೊಡಗಿತು. ಮೇಲಿನ ಹಲಗೆಯ ಡಬ್ಬಿಗಳೆಲ್ಲ ಎಂದೋ ಕೆಳಗಿನ ಹಲಗೆಗೆ ಬಂದಿದ್ದವು. ‘ಮೇಲೆ ಧೂಳು ಜಾಸ್ತಿ’ ಅಂದಿದ್ದರು. ಕನ್ನಡಿ ಇಳಿದಿತ್ತು. ತಲೆ ಬಾಚುವಾಗ ಮೊಣಕೈಯನ್ನು ಮೇಜಿಗೆ ಊರಿ ಕೂರುತ್ತಿದ್ದರು. ಮತ್ತು ಹಗ್ಗ. ಇಡೀ ಮನೆಯೇ ಒಂದಡಿ ಕೆಳಗಿಳಿದಿತ್ತು. ತೊಲೆ ಬೆರಳಿನಷ್ಟು ಕುಸಿದರೂ ಹಿಡಿಯುವವಳು ಎಂದು ಕಚೇರಿಯಲ್ಲಿ ಹೆಸರಾದ ನಾನು, ನನ್ನ ಮನೆ ಕುಸಿದದ್ದನ್ನು ಕುತ್ತಿಗೆಗೆ ಬಡಿದರೂ ಕಂಡಿರಲಿಲ್ಲ.

ಇನ್ನು ಅವರು ಏಣಿ ಹತ್ತಲಾರರು. ಅದು ಅವರಿಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಾಗುವುದು ಬೇಕಿರಲಿಲ್ಲ. ಅಷ್ಟರಲ್ಲಿ ನನ್ನ ಐದನೇ ಷರತ್ತು ಬಂದಿತ್ತು. ಕಾನೂನೇ ಸುಣ್ಣ ನಿಲ್ಲಿಸಿದರೆ ಏಣಿಯಮ್ಮ ಏಣಿಯಿಂದ ಇಳಿದದ್ದು ಕೈಲಾಗದೆ ಅಲ್ಲ, ಸರ್ಕಾರ ಬಿಡದೆ. ಯಾರೂ ‘ಪಾಪ’ ಅನ್ನುವುದಿಲ್ಲ. ನನ್ನ ತಪ್ಪು ಅವರಿಗೆ ಮರ್ಯಾದೆಯ ಬಾಗಿಲಾಗಿ ತೆರೆದಿತ್ತು.

ಷರತ್ತನ್ನು ಹಾಗೇ ಬಿಟ್ಟರೆ ಅತ್ತೆಯ ಮಾನ ಉಳಿಯುತ್ತದೆ, ಗೋಡೆ ಸಾಯುತ್ತದೆ. ತೆಗೆದರೆ ಗೋಡೆ ಉಳಿಯುತ್ತದೆ. ಸುಣ್ಣದ ಶನಿವಾರ ಎಲ್ಲರ ಎದುರಿಗೆ, ಏಣಿಯ ಬುಡದಲ್ಲಿ, ಅವರ ಕೈ ಮೇಲೇಳುವುದಿಲ್ಲ. ಬಸ್ಸಿನಲ್ಲಿ ಕಚೇರಿಗೆ ಹೋಗುವಾಗ ದಾರಿಯುದ್ದಕ್ಕೂ ಈ ಎರಡನ್ನು ತೂಗಿದೆ. ಇಳಿಯುವ ನಿಲ್ದಾಣ ದಾಟಿ ಹೋಯಿತು. ನಡೆದು ಹಿಂದಕ್ಕೆ ಬರುವಾಗ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಎರಡರಲ್ಲಿ ಒಂದನ್ನು ಆರಿಸಲು ನಾನೇನು ನಾಣ್ಯ ಚಿಮ್ಮುವವಳೇ? ಬರೆಯುವುದು ನನ್ನ ಕಸುಬು. ಎರಡೂ ಉಳಿಯುವ ಹಾಗೆ ಬರೆಯಲು ಬರದಿದ್ದರೆ ಇಷ್ಟು ವರ್ಷ ಕೂತದ್ದೇಕೆ?

ನಮ್ಮ ಸಾಹೇಬರಿಗೆ ಕಚೇರಿಯಲ್ಲಿ ಪೂರ್ಣವಿರಾಮ ಎಂದು ಅಡ್ಡಹೆಸರು. ಏನು ಕೇಳಿದರೂ ಕೊನೆಗೆ ಅದನ್ನೇ ಹೇಳುತ್ತಾರೆ.

“ಐದನೇ ಷರತ್ತು ಬದಲಾಯಿಸ್ಬೇಕು ಸರ್.”

“ಆಗಲ್ಲ. ಇವ್ರಿಗೆ ಬಿಟ್ರೆ ನಾಳೆ ಎಲ್ರೂ ಡಬ್ಬ ಹಿಡ್ಕೊಂಡು ಬರ್ತಾರೆ. ಬಳೀಬಾರ್ದು ಅಂದ್ರೆ ಬಳೀಬಾರ್ದು. ಪೂರ್ಣವಿರಾಮ.”

“ಮೂರನೇ ಷರತ್ತು ಏನು ಹೇಳತ್ತೆ ಸರ್?”

ಅವರಿಗೆ ಬಾಯಿಪಾಠ. “ಕಟ್ಟಡವನ್ನು ಈಗಿರುವ ಸ್ಥಿತಿಯಲ್ಲಿಯೇ ಕಾಪಾಡತಕ್ಕದ್ದು.”

“ಈಗಿರೋ ಸ್ಥಿತಿ ಅಂದ್ರೆ ಸುಣ್ಣ ಬಳಿದ ಸ್ಥಿತಿ. ಬಳಿಯೋದು ನಿಲ್ಸಿದ್ರೆ ಎರಡು ಮಳೆಗೆ ಕಲ್ಲು ಬತ್ತಲೆ. ಆಗ ಕಟ್ಟಡ ಬದಲಾಯ್ಸಿದ್ದು ಯಾರು? ನಾವು. ನಮ್ಮ ಐದನೇದೇ ನಮ್ಮ ಮೂರನೇದನ್ನ ಮುರಿಯತ್ತೆ.”

ಸಾಹೇಬರು ಪೆನ್ನು ಕೆಳಗಿಟ್ಟರು.

“ಇದು ಕೋಟೆಗೆ ಬರೆದಿದ್ದು ಸರ್. ಕೋಟೆ ಸತ್ತಿದೆ, ಅದನ್ನ ಮುಟ್ಬಾರ್ದು, ಸರಿ. ಚರ್ಚಿಗೆ ಜೀವ ಇದೆ. ಅದನ್ನ ಮುಟ್ಟದೆ ಇರ್ಬಾರ್ದು. ಆ ಸುಣ್ಣ ಗೋಡೆಯ ಮೇಲಿನ ಬಣ್ಣ ಅಲ್ಲ, ಗೋಡೆಯ ಚರ್ಮ. ಚರ್ಮವನ್ನೂ ಕಟ್ಟಡದ ಭಾಗ ಅಂತ ವರ್ಣನೆಗೆ ಸೇರಿಸೋಣ. ಆಗ ಸುಣ್ಣ ಬಳಿಯೋದೇ ಕಡ್ಡಾಯ ಆಗತ್ತೆ. ಬೇರೆ ಯಾವ ಪೇಂಟೂ ಹತ್ರ ಬರೋ ಹಾಗಿಲ್ಲ.”

ಅವರು ಕರಡಿನ ಹಾಳೆ ತಿರುವಿದರು. “ಯಾರೋ ದಪ್ಪಗೆ ಮೆತ್ತಿ, ಚಕ್ಕೆ ಚಕ್ಕೆಯಾಗಿ ಎದ್ರೆ? ಜವಾಬ್ದಾರಿ ಯಾರ್ದು? ಊರ ಹೆಂಗಸ್ರು ಅಂತ ಆದೇಶದಲ್ಲಿ ಬರಿಯೋಕಾಗತ್ತಾ?”

ಆ ಪ್ರಶ್ನೆ ಕೇಳಿದ್ದಕ್ಕೆ ನಾನು ಅವರಿಗೆ ಇಂದಿಗೂ ಋಣಿ. ಏಣಿಯ ಬುಡದಲ್ಲಿ ಕತ್ತೆತ್ತಿ ನಿಂತ ಅಷ್ಟೂ ವರ್ಷಗಳು ಒಟ್ಟಿಗೆ ನೆನಪಾದವು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಇರುವವರಿಗೆ ಬಿಟ್ಟುಹೋದ ಜಾಗ ಎಂದೂ ಕಾಣುವುದಿಲ್ಲ. ಕೆಳಗೆ ನಿಂತು, ಬೆಳಕು ಬೀಳುವ ಕೋನದಿಂದ ನೋಡುವವರಿಗೇ ಕಾಣುವುದು.

“ಜವಾಬ್ದಾರಿ ಕೆಳಗೆ ನಿಲ್ಲೋರ್ದು ಸರ್,” ಅಂದೆ. “ಬರ್ಕೊಂಡು ಬರ್ತೀನಿ.”

“ಬರ್ಕೊಂಡು ಬನ್ನಿ. ಸಹಿ ಮಾಡ್ತೀನಿ ಅಂತ ಅಲ್ಲ. ವಿಚಾರಣೆ ಮುಗೀಲಿ.” ನಾನು ಬಾಗಿಲು ದಾಟುವಾಗ ಹಿಂದಿನಿಂದ ಸಣ್ಣ ದನಿಯಲ್ಲಿ ಸೇರಿಸಿದರು, “ಸದ್ಯಕ್ಕೆ ಅಲ್ಪವಿರಾಮ.” ತಮ್ಮ ಅಡ್ಡಹೆಸರು ಅವರಿಗೆ ಗೊತ್ತು ಎಂಬುದು ನನಗೆ ಗೊತ್ತಾದದ್ದು ಆವತ್ತು.

ಶುಕ್ರವಾರ ಚರ್ಚಿನ ಬೆಂಚುಗಳು ತುಂಬಿದ್ದವು. ಬಣ್ಣದ ಗಾಜಿನಿಂದ ಬಿದ್ದ ಕೆಂಪು ಬೆಳಕು ಖಜಾಂಚಿಯ ಬೋಳುತಲೆಯ ಮೇಲೆ ಕೂತಿತ್ತು. ಅದನ್ನು ನೋಡಿ ಮಹಿಳೆಯರ ಬೆಂಚಿನಲ್ಲಿ ನಗು ತಡೆಯುವ ಸದ್ದು. ಸಾಹೇಬರಿಗೆ ಮುಂದೆ ಒಂದು ಮೇಜು ಹಾಕಿದ್ದರು. ಫಾದರ್ ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದರು. ಅವರು ಮನೆ ಹೊಕ್ಕ ಹೊಸ ಅಳಿಯನ ಹಾಗೆ ಯಾರ ಕಡೆಗೂ ಸೇರದವರು.

ಖಜಾಂಚಿ ಮೊದಲು ಎದ್ದರು. “ಸುಣ್ಣ ಅಂದ್ರೆ ವರ್ಷ ವರ್ಷ ಗೋಳು ಸಾರ್. ಮುಟ್ಟಿದ್ರೆ ಬಟ್ಟೆಗೆ ಅಂಟತ್ತೆ. ನಾವು ಸಾಮಾನು ಕೋಣೆಗೆ ಹಚ್ಚಿದ ಪೇಂಟ್ ನೋಡಿ, ಒಂದ್ಸಲ ಹಚ್ಚಿದ್ರೆ ಮುಗೀತು.”

“ನೋಡೋಣ ಬನ್ನಿ,” ಅಂದೆ. ಎಲ್ಲರೂ ಎದ್ದು ಪಕ್ಕದ ಕೋಣೆಗೆ ಹೋದೆವು. ಹೊಳೆಯುವ ಗೋಡೆಯ ಕೆಳಭಾಗ ಅಲ್ಲಲ್ಲಿ ಉಬ್ಬಿತ್ತು. ಒಂದು ಗುಳ್ಳೆಯ ಮೇಲೆ ಬೆರಳಿಟ್ಟೆ, ಒತ್ತಲೂ ಇಲ್ಲ. ಪೇಂಟು ಚೀಲದಂತೆ ಬಾಯಿ ಬಿಟ್ಟು, ಅದರೊಳಗಿಂದ ಕಲ್ಲಿನ ಪುಡಿ ಸಕ್ಕರೆಯಂತೆ ನೆಲಕ್ಕೆ ಸುರಿಯಿತು.

“ಗೋಡೆ ಒಳಗಿನ ನೀರು ಹೊರಗೆ ಬರೋಕೆ ದಾರಿ ಬೇಕು. ಸುಣ್ಣ ದಾರಿ ಬಿಡತ್ತೆ, ಇದು ಬಾಗಿಲು ಹಾಕತ್ತೆ. ಒಳಗೇ ಉಳಿದ ನೀರು ಕಲ್ಲನ್ನ ತಿನ್ನತ್ತೆ.”

ಖಜಾಂಚಿ ಚಪ್ಪಲಿಯಿಂದ ಆ ಪುಡಿಯನ್ನು ಮೆಲ್ಲಗೆ ಒಂದು ಬದಿಗೆ ಸರಿಸಿದರು. ಫಾದರ್ ಬಗ್ಗಿ ಒಂದು ಚಿಟಿಕೆ ಎತ್ತಿ ನೋಡಿ, ಕರವಸ್ತ್ರಕ್ಕೆ ಕೈ ಒರೆಸಿಕೊಂಡರು.

ಮತ್ತೆ ಬಂದು ಕೂತಾಗ ಟೈಲರಮ್ಮ ಅತ್ತೆಯ ಬೆನ್ನಿಗೆ ತಿವಿದಳು. “ಏಳಿ ಏಣಿಯಮ್ಮ.” ಅತ್ತೆ ಎದ್ದರು. ಬಲಗೈ ಶಾಲಿನೊಳಗೆ.

“ಹೇಳಿ ಅಮ್ಮಾ, ಆಕ್ಷೇಪಣೆ ಏನು?” ಸಾಹೇಬರು ಕೇಳಿದರು.

“ಆಕ್ಷೇಪಣೆ ಇಲ್ಲ. ಗೋಡೆ ಮುಟ್ಬೇಡಿ ಅಂದ್ರೆ ಮುಟ್ಟಲ್ಲ. ಇಷ್ಟು ದಿನ ಮಾಡಿದೀವಿ, ಸಾಕು.”

ಸುಣ್ಣದ ಗುಂಪಿನ ನರ್ಸಮ್ಮ ತನ್ನ ಬೆಂಚಿನಿಂದ, “ಏಣಿಯಮ್ಮಂಗೆ ಏನಾಗಿದೆ?” ಎಂದಳು, ಮೆಲ್ಲಗೆ ಅಂದುಕೊಂಡು ಜೋರಾಗಿಯೇ. ಅತ್ತೆ ನೇರವಾಗಿ ನಿಂತಿದ್ದರು. ಆ ಪ್ರಶ್ನೆ ತಾಗಿದ್ದು ನನಗೆ ಮಾತ್ರ ಕಂಡಿತು. ಶಾಲಿನೊಳಗೆ ಎಡಗೈ ಹೋಗಿ ಬಲಗೈಯನ್ನು ಹಿಡಿದುಕೊಂಡಿತ್ತು.

ನಾನು ಎದ್ದೆ.

“ಸರ್, ಐದನೇ ಷರತ್ತನ್ನ ನಾನು ಬೇರೆ ಕಟ್ಟಡದಿಂದ ಎತ್ತಿ ಇಲ್ಲಿ ಇಳಿಸಿದ್ದೆ. ಅದು ತಪ್ಪು. ಸರಿಪಡಿಸಿದ್ದನ್ನ ಓದ್ತೀನಿ.” ಕೈಯಲ್ಲಿದ್ದುದನ್ನು ಓದಿದೆ: “‘ಸದರಿ ಕಟ್ಟಡದ ಹೊರಗೋಡೆಯ ಸುಣ್ಣದ ಪದರವು ಕಟ್ಟಡದ ಭಾಗವಾಗಿದ್ದು, ಅದನ್ನು ಪ್ರತಿವರ್ಷ ನವೀಕರಿಸತಕ್ಕದ್ದು. ಬೇರಾವ ಲೇಪನವನ್ನೂ ಹಚ್ಚತಕ್ಕದ್ದಲ್ಲ. ಸುಣ್ಣದ ಹದ ಬಲ್ಲ ಒಬ್ಬರು ಈ ಕೆಲಸದ ಮೇಲ್ವಿಚಾರಕರಾಗಿರತಕ್ಕದ್ದು. ಬಿಟ್ಟುಹೋದ ಜಾಗಗಳು ಗೋಡೆಯ ಸಮೀಪದಿಂದ ಕಾಣದಿರುವ ಕಾರಣ, ಮೇಲ್ವಿಚಾರಕರು ಕೆಲಸದುದ್ದಕ್ಕೂ ನೆಲದ ಮೇಲೆಯೇ ನಿಲ್ಲತಕ್ಕದ್ದು. ಅವರು ಏಣಿ ಏರತಕ್ಕದ್ದಲ್ಲ. ಏಣಿಯ ಮೇಲಿರುವವರೆಲ್ಲರೂ ಅವರ ಸೂಚನೆಯನ್ನು ಪಾಲಿಸತಕ್ಕದ್ದು.’”

ಅತ್ತೆ ಇನ್ನೂ ಕೂತಿರಲಿಲ್ಲ. ನನ್ನತ್ತ ತಿರುಗಿದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ನೆನಪಿಲ್ಲ; ಹದ ನೋಡಲು ಅದ್ದಿದ ಬೆರಳನ್ನು ನೋಡುವ ಹಾಗೆ.

“ಏಣಿ ಹತ್ತಲೇಬಾರ್ದಾ?” ಕೇಳಿದರು.

“ಹತ್ತೋ ಹಾಗಿಲ್ಲ,” ಅಂದೆ. “ಹತ್ತಿದ್ರೆ ಕಾನೂನು ಮುರಿದ ಹಾಗೆ.”

“ಆ ಕೆಳಗೆ ನಿಲ್ಲೋರು ಯಾರಂತೆ?”

“ಅದನ್ನ ನೀವೆಲ್ಲ ಸೇರಿ ಹೆಸರಿಸ್ಬೇಕು,” ಅಂದರು ಸಾಹೇಬರು.

“ಏಣಿಯಮ್ಮನೇ!” ಟೈಲರಮ್ಮ ಕೂಗಿದಳು. “ಇನ್ಯಾರು? ಆದ್ರೆ ಸಾರ್, ಮೇಲಿದ್ದಾಗ ಅವ್ರ ಬೈಗುಳ ಅರ್ಧ ಗಾಳಿಗೆ ಹೋಗ್ತಿತ್ತು. ಕೆಳಗಿದ್ರೆ ಪೂರ್ತಿ ನಮಗೇ. ಅದಕ್ಕೇನಾದ್ರೂ ಷರತ್ತು ಇದೆಯಾ?”

ಇಡೀ ಬೆಂಚು ನಕ್ಕಿತು. ಫಾದರ್ ಕೂಡ ಕಟ್ಟಿದ ಕೈ ಬಿಚ್ಚಿದರು.

“ಏನಮ್ಮಾ, ಒಪ್ಪಿಗೆನಾ?”

“ಯೋಚ್ನೆ ಮಾಡಿ ಹೇಳ್ತೀನಿ,” ಎಂದು ಅತ್ತೆ ಕೂತರು. ಕೇಳಿದ ಕೂಡಲೇ ಒಪ್ಪಿಕೊಳ್ಳುವುದು ಅವರ ಜಾಯಮಾನವಲ್ಲ. ಸಾಹೇಬರು ತಮ್ಮ ಪ್ರತಿಯ ಮೇಲೆ ಗುರುತು ಹಾಕಿ, ಮುಚ್ಚಳ ಹಾಕಿದ ಪೆನ್ನನ್ನು ಜೇಬಿಗಿಟ್ಟು ಹೇಳಿದರು: “ಕಮಾನಿನ ಮಂಟಪವೂ ಸೇರಿ, ಇಡೀ ಕಟ್ಟಡ ಸಂರಕ್ಷಿತ. ಐದನೇದು ಈಗ ಓದಿದ ಹಾಗೆ. ಪೂರ್ಣವಿರಾಮ.” ಆ ಪದ ನನಗೆ ಅಷ್ಟು ಇಂಪಾಗಿ ಎಂದೂ ಕೇಳಿಸಿರಲಿಲ್ಲ.

ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಅತ್ತೆ ಬಂದು ಕಟ್ಟೆಯ ಮೇಲೆ ಕೂತು, ನಾನು ಕೊಟ್ಟದ್ದನ್ನು ತೊಡೆಯ ಮೇಲೆ ಮಡಚತೊಡಗಿದರು.

“ಯಾವಾಗಿಂದ ಗೊತ್ತು?”

“ಏನು ಅತ್ತೆ?”

“ನಾಟ್ಕ ಬೇಡ. ಹಗ್ಗದಿಂದಾನಾ?”

“ಹಗ್ಗಕ್ಕೆ ಗಾಳಿ ಅಂತಾನೇ ನಂಬಿದ್ದೆ.”

“ದಡ್ಡಿ,” ಅಂದರು, ಸ್ವಲ್ಪ ತೃಪ್ತಿಯಿಂದ. ಒಂದು ದಿಂಬಿನ ಚೀಲ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. “ನೋಡು, ಮರುಕಕ್ಕೆ ಬರೆದಿದ್ರೆ ಈಗ್ಲೇ ಹೇಳ್ಬಿಡು. ನಂಗೆ ಬೇಡ.”

“ಮರುಕ ಅಲ್ಲ. ಇಷ್ಟು ವರ್ಷ ಕೆಳಗೆ ನಿಂತು ನೀವು ಬಿಟ್ಟಿದ್ದನ್ನ ತೋರಿಸ್ತಿದ್ದೋಳು ನಾನು. ಮೇಲಿರೋರಿಗೆ ಕಾಣಲ್ಲ ಅಂತ ನಂಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ.”

“ನಾನು ಬಿಡ್ತಿದ್ನಾ?”

“ಪ್ರತಿ ವರ್ಷ. ದಕ್ಷಿಣದ ಕಿಟಕಿ ಪಕ್ಕ, ಬಲಗಡೆ.”

“ಸುಳ್ಳು!”

“ಎಲ್ಲಾರ ಎದುರಿಗೂ ಕೂಗ್ತಿದ್ದೆ ಅತ್ತೆ. ನೀವು ನಂಗೇ ಬೈತಿದ್ರಿ.”

ಅವರು ನಗಲು ಶುರುಮಾಡಿದರು. ನಗುತ್ತ ಭುಜ ಅಲುಗಿ ನೋವಾಗಿರಬೇಕು, ‘ಹಾ’ ಎಂದು ಹಿಡಿದುಕೊಂಡರು. ಮೊದಲ ಸಲ, ನನ್ನ ಎದುರಿಗೆ ಮುಚ್ಚಿಡದೆ ಹಿಡಿದುಕೊಂಡರು.

“ಡಾಕ್ಟ್ರ ಹತ್ರ ಹೋಗೋಣ.”

“ಹೋಗೋಣ. ಸುಣ್ಣ ಮುಗೀಲಿ.” ಮಡಚಿದ ಬಟ್ಟೆಯ ರಾಶಿಯನ್ನು ಎಡತೋಳಿಗೆ ಎತ್ತಿಕೊಂಡು ಎದ್ದರು. “ಈಗ ನೋಡು, ಪ್ರತಿವರ್ಷ ನಿಲ್ಲತಕ್ಕದ್ದು ಅಂತ ಬರೆದಿದೀಯ. ಇನ್ನು ಸಾಯೋಕೂ ನಿನ್ನ ಆಫೀಸಿಗೆ ಅರ್ಜಿ ಹಾಕ್ಬೇಕೇನೋ.”

“ಹಾಕಿ. ತಿರಸ್ಕಾರ ಮಾಡ್ತೀನಿ.”

“ಮಾಡ್ತೀಯ, ಮಾಡ್ತೀಯ.” ಬಾಗಿಲಿನವರೆಗೆ ಹೋದವರು ತಿರುಗಿದರು. “ಹಗ್ಗ ಅಲ್ಲೇ ಇರ್ಲಿ. ನೀನು ಬಗ್ಗಿ ಓಡಾಡು, ಸೊಂಟಕ್ಕೆ ಒಳ್ಳೇದು.”

ಸುಣ್ಣದ ಶನಿವಾರ ಅತ್ತೆ ಎಲ್ಲರಿಗಿಂತ ಮೊದಲೇ ಹೋಗಿ ತೊಟ್ಟಿಯ ಬಳಿ ನಿಂತಿದ್ದರು. ಹದವನ್ನು ಒಬ್ಬೊಬ್ಬರ ಕೈಯಲ್ಲೂ ಮಾಡಿಸಿದರು. ಟೈಲರಮ್ಮ ಬೆರಳು ಅದ್ದಿ, “ಉಗುರು ಕಾಣ್ತಿದೆ,” ಎಂದರೆ, “ಉಗುರು ಕಾಣತ್ತೋ, ಉಗುರಿನ ಕೊಳೆ ಕಾಣತ್ತೋ ನೋಡೇ,” ಎಂದು ಬೈದರು. ನರ್ಸಮ್ಮನಿಗೆ ಗೋಡೆ ಮೊದಲು ನೀರಿಂದ ತೋಯಿಸುವುದನ್ನು ಎರಡೆರಡು ಸಲ ಹೇಳಿದರು. ಹಿಂದೆಲ್ಲ ಯಾರಿಗೂ ಇಷ್ಟು ಬಿಡಿಸಿ ಹೇಳಿದವರಲ್ಲ. ಕೈಯಲ್ಲೇ ಮಾಡುತ್ತಿದ್ದವರಿಗೆ ಬಾಯಿಂದ ಹೇಳುವ ಅಗತ್ಯ ಬಂದಿರಲಿಲ್ಲ.

ಎತ್ತರದ ಗೋಡೆಗೆ ಏಣಿ ಒರಗಿಸಿದಾಗ ಎಲ್ಲರೂ ಒಮ್ಮೆ ಅತ್ತೆಯ ಕಡೆ ನೋಡಿದರು, ಅಭ್ಯಾಸಬಲದಿಂದ. ಅವರು ಸೆರಗು ಬಿಗಿದು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದರು. ಬೆಳಕಿಗೆ ಕಣ್ಣು ಕಿರಿದು ಮಾಡಿ, ಒಂದು ಜಾಗ ಆರಿಸಿ, ಅಲ್ಲಿ ಊರಿ ನಿಂತರು. ಆ ಜಾಗ ನನಗೆ ಗೊತ್ತು. ಅಲ್ಲಿಂದಲೇ ನಾನು ಕೂಗುತ್ತಿದ್ದದ್ದು.

“ನಿಂತ್ಕೊಂಡು ಏನ್ ನೋಡ್ತೀರ? ಕಾಗದದೋಳೇ, ಹತ್ತು.”

ಹತ್ತಿದೆ. ಮೇಲೆ ಗಾಳಿ ನಿಜವಾಗಿಯೂ ಜಾಸ್ತಿ. ಕಿಟಕಿಯ ಅಂಚಿನಲ್ಲಿ ಚಕ್ಕೆ ಎದ್ದ ಒಂದು ಜಾಗದಲ್ಲಿ ಹಳೆಯ ಪದರಗಳು ಒಂದರ ಮೇಲೊಂದು ಕಂಡವು. ಅವುಗಳಲ್ಲಿ ಯಾವುದು ಅತ್ತೆ ‘ಪಾಪ’ ಎನಿಸಿಕೊಳ್ಳಲು ಒಪ್ಪದ ಆ ವರ್ಷದ್ದೋ ಹೇಳಲು ಬರಲಿಲ್ಲ. ಬ್ರಶ್ಶನ್ನು ಅದ್ದಿ, ಅವರು ಮಾಡುತ್ತಿದ್ದ ಹಾಗೆ ಒಮ್ಮೆ ಅಡ್ಡ, ಒಮ್ಮೆ ಉದ್ದ ಎಳೆದೆ. ಗೋಡೆ ಒದ್ದೆಯಾಯಿತು, ಅಷ್ಟೇ. ಬಿಳಿ ಎಲ್ಲೂ ಇಲ್ಲ. ಮತ್ತೆ ಎಳೆದೆ. ಎಲ್ಲ ಕಡೆಯೂ ಒಂದೇ ಥರ ಇತ್ತು. ಪೂರ್ತಿಯಾಯಿತು ಅನ್ನಿಸಿತು.

“ಏಯ್! ಬಲಗಡೆ! ಕಿಟಕಿ ಪಕ್ಕ ಬಿಟ್ಟಿದೀಯ!”

ತಿರುಗಿ ಕೆಳಗೆ ನೋಡಿದೆ. ಅತ್ತೆ ಎಡಗೈ ಚಾಚಿ ತೋರಿಸುತ್ತಿದ್ದರು. ಅವರ ಸುತ್ತ ಹೆಂಗಸರೆಲ್ಲ ಅದೇ ಕಡೆಗೆ ಕತ್ತೆತ್ತಿದ್ದರು.

“ಎಲ್ಲಿ ಅತ್ತೆ? ಕಾಣ್ತಿಲ್ಲ.”

“ನಿಂಗೆ ಕಾಣಲ್ಲ, ನಂಗೆ ಕಾಣತ್ತೆ. ಐದನೇದು ಓದಿಲ್ವಾ? ಬಳಿ!”

ನನಗೆ ಕಾಣಲಿಲ್ಲ. ಬ್ರಶ್ಶು ಅದ್ದಿ, ಬಲಗಡೆಗೆ ಬಾಗಿ ಬಳಿದೆ.